ಎರಡನೇ ಪ್ಯಾಡ್

ಬರುತ್ತದೆ, ಬರುತ್ತದೆ ಎಂದು ವರ್ಷಗಟ್ಟಲೆ ಡಂಗುರ ಹೊಡೆಸಿಕೊಂಡ ಆ ಆಟ ಕೊನೆಗೂ ಬಂದ ದಿನ, ಶಿವಮೊಗ್ಗದ ಸವಳಂಗ ರಸ್ತೆಯ ತೌಹೀದನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ವೀಡಿಯೋ ಗೇಮು ಮಾರುವ ಆ ಅಂಗಡಿಗೆ ಬಲೂನು ಕಟ್ಟಿದ್ದರು. ಬಾಗಿಲಿಗಿಂತ ಎತ್ತರದ ಪೋಸ್ಟರಿನಲ್ಲಿ ಒಂದು ಒಂಟೆ, ಅದರ ಹಿಂದೆ ಮರಳು, ಮೇಲೆ ಉರಿಯುವ ಅಕ್ಷರಗಳಲ್ಲಿ 'ಸಾಲ್ಟ್ ರೋಡ್ 2'. ಕಾಲೇಜು ಹುಡುಗರು ಕೇಕ್ ಕತ್ತರಿಸಿ ಒಬ್ಬರ ಮೂತಿಗೊಬ್ಬರು ಬಳಿಯುತ್ತಿದ್ದರು. ಆ ಗದ್ದಲವನ್ನು ಸೀಳಿಕೊಂಡು, ಬುರ್ಖಾ ಎತ್ತಿ ಹಿಡಿದ ಅರವತ್ತರ ಹೆಂಗಸೊಬ್ಬಳು ತರಕಾರಿ ಚೀಲದೊಂದಿಗೆ ಕೌಂಟರಿಗೆ ಬಂದಾಗ, ಮೊಮ್ಮಗನಿಗೆ ಕೊಳ್ಳಲು ಬಂದಿರಬೇಕು ಎಂದುಕೊಂಡು ಹುಡುಗರು ದಾರಿ ಬಿಟ್ಟರು.

"ತೌಹೀದ್, ಒಂಟೆ ಆಟದ ಎರಡನೇ ಭಾಗ ಕೊಡು. ಕೈಲಿ ಹಿಡಿದು ಆಡೋ ಪ್ಯಾಡ್ ಎರಡಿರಲಿ," ಎಂದಳು ಅಖ್ತರ್ ಬೀ.

"ಖಾಲಾ, ನಿಮ್ಮ ಹಳೇ ಮಿಷನ್ನಲ್ಲಿ ಇದು ಓಡಲ್ಲ. ಹೊಸದು ಬೇಕು."

"ಹೊಸದೇ ಕೊಡು ಮಾರಾಯ. ನಿನ್ನ ಭಾಷಣ ಯಾರು ಕೇಳಿದ್ರು?"

ತೌಹೀದ್ ಇನ್ನೇನೋ ಹೇಳಲು ಬಾಯಿ ತೆರೆದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಹೆಂಗಸಿದು ಎಂದು ಗೊತ್ತಿದ್ದವನಾದ್ದರಿಂದ ಬಾಯಿ ಮುಚ್ಚಿಕೊಂಡು ಡಬ್ಬಿ ಕಟ್ಟಿಕೊಟ್ಟ. ಆಗಲೇ ಹೇಳಿಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಖ್ತರ್ ಬೀಗೆ ಆಟದ ಹುಚ್ಚು ಇದ್ದದ್ದು ಸುಳ್ಳಲ್ಲ. ಆದರೆ ಆ ದಿನ ಅವಳಿಗೆ ಅದು ಬೇಕಾಗಿದ್ದದ್ದು ಗಾಳಕ್ಕೆ ಸಿಕ್ಕಿಸಲು. ಸೊಸೆ ಆಯೆಷಾ ಮುನಿಸಿಕೊಂಡು ಭದ್ರಾವತಿಯ ತವರಿಗೆ ಹೋಗಿ ತಿಂಗಳುಗಳೇ ಕಳೆದಿದ್ದವು. ಅವಳು ಮರಳಿ ಬರಬೇಕು. ಬಾ ಎಂದು ಕರೆಯುವುದು ಮಾತ್ರ ಅಖ್ತರ್ ಬೀಯ ಜಾಯಮಾನದಲ್ಲಿರಲಿಲ್ಲ.

ಅವರ ಕಡೆ ಇದಕ್ಕೊಂದು ಪದ್ಧತಿಯಿತ್ತು. ಮುನಿಸಿಕೊಂಡು ಹೋದ ಸೊಸೆ ತಾನಾಗಿ ಬರುವಂತಿಲ್ಲ. ಗಂಡ ಹೋಗಿ ಕರೆದರೆ ಅದು ಲೆಕ್ಕಕ್ಕಿಲ್ಲ. ಗಂಡನ ಮನೆಯ ಹಿರಿಯರೇ ಹೋಗಿ, ಬೀಗರ ಹೊಸಿಲು ತುಳಿದು, ಅವರು ಕೊಟ್ಟ ಶರಬತ್ತು ಕುಡಿದು ಕರೆತರಬೇಕು. ಶರಬತ್ತು ಕುಡಿದರೆಂದರೆ ತಪ್ಪು ತಮ್ಮದೆಂದು ಒಪ್ಪಿಕೊಂಡ ಹಾಗೆ. ಈ ಮನೆಗೆ ಹಿರಿಯಳೆಂದರೆ ವಿಧವೆ ಅಖ್ತರ್ ಬೀ ಒಬ್ಬಳೇ, ಅವಳದೋ ಒಂದೇ ಹಟ.

"ನನ್ನನ್ನ ಯಾರು ಕರೆಯೋಕೆ ಬಂದಿದ್ರು? ಮಲ್ಲಿಕ್‌ನ ಕಂಕುಳಲ್ಲಿ ಇಟ್ಕೊಂಡು ತವರಿಂದ ಒಬ್ಬಳೇ ಬಸ್ ಹತ್ತಿ ಬಂದೋಳು ನಾನು. ಅವಳ ಕಾಲಿಗೇನು ಮೆಹಂದಿ ಹಚ್ಚಿದಾರಾ?"

ಮಗ ಮಲ್ಲಿಕ್ ಗಾಂಧಿ ಬಜಾರಿನ ದಿನಸಿ ಮಂಡಿಯೊಂದರ ಟೆಂಪೋ ಓಡಿಸುತ್ತಿದ್ದ. ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅವನು. "ಭದ್ರಾವತಿಗೆ ಹೋದಾಗ ಎರಡನೇ ಭಾಗ ಬಂದಿದೆ ಅಂತ ಹೇಳು, ಭಾನುವಾರ ಮನೇಲಿ ಆಡ್ತಾರಂತೆ ಅಂತ ಹೇಳು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ," ಎಂದು ತಾಯಿ ಪಾಠ ಮಾಡಿ ಕಳಿಸಿದಳು.

"ಹೇಳಿದ್ಯಾ?" ಎಂದು ಅವನು ಬಂದ ಕೂಡಲೇ ಕೇಳಿದಳು.

"ಹೇಳ್ದೆ ಅಮ್ಮಿ."

"ಏನಂದ್ಲು?"

"ನಗಾಡಿದ್ಲು."

"ನಗಾಡಿದ್ಲಾ? ಹಾಗಾದ್ರೆ ಬರ್ತಾಳೆ ಬಿಡು."

ಮಲ್ಲಿಕ್‌ಗೆ ಹೇಳಲು ಇನ್ನೂ ಇತ್ತು. ಅದನ್ನು ಅನ್ನದ ತುತ್ತಿನ ಜೊತೆ ನುಂಗಿಕೊಂಡ.

ಈ ಅತ್ತೆ ಸೊಸೆಯರಿಗೆ ಒಂದೇ ಒಂದು ವಿಷಯದಲ್ಲಿ ಹೊಂದುತ್ತಿತ್ತೆಂದರೆ ಅದು ಆ ಆಟ. ಲಾಕ್‌ಡೌನಿನಲ್ಲಿ ಗಾಂಧಿ ಬಜಾರಿನಲ್ಲಿದ್ದ ಅಖ್ತರ್ ಬೀಯ ಲೈನಿಂಗ್ ಬಟ್ಟೆ, ಸೀರೆ ಫಾಲಿನ ಅಂಗಡಿಗೆ ಬೀಗ ಬಿದ್ದಿತ್ತು. ಮಲ್ಲಿಕ್ ಯಾರಿಂದಲೋ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ ಆಟದ ಮಿಷನ್ನಿನ ಮುಂದೆ ಹೊಸ ಸೊಸೆ ಕೂತದ್ದನ್ನು ಕಂಡು, "ಮನೆಗೆ ಸೊಸೆ ಬಂದಳೋ ಎರಡನೇ ಮಗ ಬಂದನೋ," ಎಂದು ಬೈದಿದ್ದಳು. ಒಂದು ವಾರದಲ್ಲಿ ಬೈಯುತ್ತಲೇ ಪಕ್ಕದಲ್ಲಿ ಕೂತಳು. ಮುಂದಿನ ವಾರ ಸೊಸೆಯ ಕೈಯಿಂದ ಒಂದನೇ ಪ್ಯಾಡನ್ನು ಕಿತ್ತುಕೊಂಡಳು.

ಆಟವೇನೆಂದರೆ, ಉಪ್ಪಿನ ಮೂಟೆ ಹೊತ್ತ ಒಂಟೆಗಳನ್ನು ಕಳ್ಳರ ಕೈಗೆ ಸಿಗದಂತೆ ಮರಳುಗಾಡು ದಾಟಿಸಬೇಕು. ಒಂದನೇ ಪ್ಯಾಡಿನದು ಕತ್ತಿ ಹಿಡಿದ ಗಡ್ಡದ ಸರದಾರ. ಎರಡನೇ ಪ್ಯಾಡಿನದು ಲಾಟೀನು ಹಿಡಿದ ಸಣ್ಣ ಆಳು. ಟೀವಿ ಒಂದೇ ಆದ್ದರಿಂದ ಪರದೆ ಸರದಾರ ಹೋದ ಕಡೆಗೇ ಹೋಗುತ್ತದೆ. ಆಳು ಹಿಂದೆ ಉಳಿದರೆ ಆಟವೇ ಅವನನ್ನು ದರದರ ಎಳೆದು ತಂದು ಸರದಾರನ ಪಕ್ಕ ನಿಲ್ಲಿಸುತ್ತದೆ. "ಅಮ್ಮಿ, ಸ್ವಲ್ಪ ನಿಲ್ಲಿ, ಬಾವಿ ಹಿಂದೆ ಏನೋ ಇದೆ," ಎಂದು ಆಯೆಷಾ ಎಷ್ಟು ಸಲ ಅಂದಿದ್ದಳೋ. "ನಿಂತ್ರೆ ಕಳ್ಳರು ಬರ್ತಾರೆ ದುಲ್ಹನ್, ನಡಿ ನಡಿ!" ಎಂದು ಅತ್ತೆ ಓಡುತ್ತಿದ್ದಳು. ದುಲ್ಹನ್ ಎಂದರೆ ಮದುಮಗಳು. ಮದುವೆಯಾದಂದಿನಿಂದ ಸೊಸೆಯನ್ನು ಕರೆಯುತ್ತಿದ್ದದ್ದು ಹಾಗೆಯೇ, ಹೆಸರು ಹಿಡಿದು ಕರೆದ ನೆನಪು ಅವಳಿಗಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ಫೋನಿನಿಂದ. ವಿದ್ಯಾನಗರದ ನರ್ಸರಿ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಆಯೆಷಾ ಹೋಗಿ ಮಾತಾಡಿ ಬಂದಿದ್ದಳು. ಅತ್ತೆಗೂ ಹೇಳಿದ್ದಳು. ಶಾಲೆಯವರು ಫೋನ್ ಮಾಡಿದಾಗ ಅವಳು ಸ್ನಾನದ ಮನೆಯಲ್ಲಿದ್ದಳು. ಅಖ್ತರ್ ಬೀ ಫೋನೆತ್ತಿ, "ಅವಳಿಗೆ ಮನೇಲೇ ಬೇಕಾದಷ್ಟು ಕೆಲಸ ಇದೆ, ಬರಲ್ಲ," ಎಂದು ಇಟ್ಟುಬಿಟ್ಟಳು. ಅದನ್ನು ಸೊಸೆಗೆ ಹೇಳಲೂ ಇಲ್ಲ. ಕಾದು ಕಾದು ಸಾಕಾಗಿ ಆಯೆಷಾ ತಾನೇ ಶಾಲೆಗೆ ಹೋದರೆ, ಅಲ್ಲಿ ಬೇರೊಬ್ಬಳು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಆ ಸಂಜೆ ಅವಳು ಕೂಗಾಡಲಿಲ್ಲ. "ನನ್ನ ಬಾಯಲ್ಲೂ ನಾಲಿಗೆ ಇತ್ತು ಅಮ್ಮಿ," ಎಂದಷ್ಟೇ ಹೇಳಿ ಬ್ಯಾಗು ತುಂಬಿಕೊಂಡು ಹೋದಳು. ಮಾಡಿದ್ದು ತಪ್ಪೆಂದು ಅಖ್ತರ್ ಬೀಗೆ ಒಳಗೊಳಗೇ ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಕೋಪ ಇನ್ನಷ್ಟು ಏರಿತು.

ಭಾನುವಾರ ಬಂತು. ಬೆಳಿಗ್ಗೆಯೇ ದಾಲ್ಚಾ ಮಾಡಿ, ಸೊಸೆಗೆ ಇಷ್ಟವೆಂದು ಖೀಮಾ ಉಂಡೆ ಕರಿದಿಟ್ಟು, ಟೀವಿ ಮುಂದೆ ಎರಡು ದಿಂಬು ಹಾಕಿ, ಅವಳು ಬರುವಷ್ಟರಲ್ಲಿ ಕೈ ಕುದುರಿಸಿಕೊಳ್ಳೋಣವೆಂದು ಅಖ್ತರ್ ಬೀ ಆಟ ಹಚ್ಚಿದಳು. ಮಿಷನ್ನು ಮೊದಲು ಇಂಟರ್ನೆಟ್ಟು ಕೇಳಿತು. ಆಮೇಲೆ ಮೇಲ್ ಐಡಿ ಕೇಳಿತು, ಹುಟ್ಟಿದ ತಾರೀಕು ಕೇಳಿತು, ಪಾಸ್‌ವರ್ಡ್ ಕೇಳಿತು, ಕೊಟ್ಟ ಪಾಸ್‌ವರ್ಡು ಸಾಲದು ಎಂದಿತು. "ಹೆಣ್ಣು ನೋಡೋಕೆ ಬಂದೋರು ಕೂಡ ಇಷ್ಟು ಪ್ರಶ್ನೆ ಕೇಳಲ್ಲ!" ಎಂದು ಅವಳು ಗೊಣಗಿದಳು. ಎಲ್ಲ ಮುಗಿಯಿತು ಎನ್ನುವಾಗ ಅಪ್‌ಡೇಟ್ ಎಂಬ ನೀಲಿ ಗೆರೆ ಶುರುವಾಗಿ, ಆಮೆಯ ಹಾಗೆ ತೆವಳುತ್ತಾ, ದಾಲ್ಚಾ ಆರಿ ತಣ್ಣಗಾಗುವವರೆಗೂ ಮುಗಿಯಲಿಲ್ಲ.

ಕೊನೆಗೆ ಪರದೆ ತೆರೆಯಿತು. ಮರಳಿನ ಮೇಲೆ ಗಾಳಿ ಬೀಸಿದ ಕಡೆಯೆಲ್ಲ ಗೆರೆ ಮೂಡುತ್ತಿತ್ತು. ಒಂಟೆ ಇವಳ ಕಡೆ ತಿರುಗಿ ಕಣ್ಣು ಮಿಟುಕಿಸಿದಾಗ ರೆಪ್ಪೆಯ ಕೂದಲು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. "ಮಾಶಾ ಅಲ್ಲಾಹ್," ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಇಷ್ಟೆಲ್ಲ ಸತಾಯಿಸಿದ್ದನ್ನು ಹೊಗಳಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಎರಡನೇ ಪ್ಯಾಡಿನ ಗುಂಡಿ ಒತ್ತಿ ನೋಡಿದಳು. ದೀಪ ಮಿಣುಕಿ ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ತೌಹೀದನಿಗೆ ಫೋನ್ ಹಚ್ಚಿದಳು.

"ಖಾಲಾ, ಇದ್ರಲ್ಲಿ ಒಂದೇ ಟೀವೀಲಿ ಇಬ್ರು ಆಡೋ ಹಾಗಿಲ್ಲ, ಅದನ್ನ ತೆಗೆದುಬಿಟ್ಟಿದಾರೆ," ಎಂದ ಅವನು ಅಳುಕುತ್ತಾ. "ಅವರವರ ಮನೇಲಿ ಅವರವರು ಕೂತ್ಕೊಂಡು ಆನ್‌ಲೈನಲ್ಲಿ ಸೇರ್ಕೊಳೋದು. ಫೋನಲ್ಲೂ ಆಡಬಹುದು."

"ಅವರವರ ಮನೇಲಿ ಕೂತ್ಕೊಳೋಕೆ ಆಟ ಯಾಕೋ ಬೇಕು? ಮತ್ತೆ ಎರಡು ಪ್ಯಾಡ್ ಯಾಕೋ ಕೊಟ್ಟೆ?"

"ನೀವು ಕೇಳಿದ್ರಲ್ಲ ಖಾಲಾ."

ಅಖ್ತರ್ ಬೀ ಆಮೇಲೆ ಆಡಿದ ಮಾತುಗಳಲ್ಲಿ ಬರೆಯಬಹುದಾದವು ಕೆಲವೇ. ಬೆಟ್ಟ ಅಗೆದು ಇಲಿ ಹಿಡಿದರು ಹಾಳಾದವರು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರ ಬಾಯಿಗೆ ಮಣ್ಣು ಹಾಕಿದರು. ಒಂಟೆಯ ರೆಪ್ಪೆಗೂದಲು ಬಾಚಲು ಪುರುಸೊತ್ತಿತ್ತು, ಇಬ್ಬರು ಮನುಷ್ಯರನ್ನು ಒಂದು ದಿಂಬಿನ ಮೇಲೆ ಕೂರಿಸಲು ಪುರುಸೊತ್ತಿರಲಿಲ್ಲ! ಇದನ್ನು ಮಾಡಿದವನಿಗೆ ಅಕ್ಕ ತಂಗಿ, ಅತ್ತೆ ಸೊಸೆ ಯಾರೂ ಇಲ್ಲವೇನು? ಹೊರಗೆ ಇಷ್ಟೆಲ್ಲ ಬೈದಳು, ಒಳಗಿನ ಚಿಂತೆಯೇ ಬೇರೆ. ಭದ್ರಾವತಿಯಲ್ಲೇ ಕೂತು ಆಡಬಹುದಾದರೆ ಅವಳು ಇಲ್ಲಿಗೆ ಯಾಕೆ ಬರುತ್ತಾಳೆ?

ಆಗ ಮಲ್ಲಿಕ್ ನುಂಗಿಕೊಂಡಿದ್ದನ್ನು ಹೊರಗೆ ಹಾಕಿದ. "ಅಮ್ಮಿ, ಅವಳು ಆಗ್ಲೇ ಆಡ್ತಿದಾಳೆ. ಆಟ ಬಂದ ದಿನದಿಂದ್ಲೇ. ಫೋನಲ್ಲಿ."

"ಇದನ್ನ ಹೊಟ್ಟೇಲಿ ಇಟ್ಕೊಂಡು ಬೆಳಿಗ್ಗೆಯಿಂದ ನನ್ನ ಖೀಮಾ ಉಂಡೆ ತಿಂತಾ ಕೂತಿದೀಯಾ?"

ಅವನು ಪ್ಯಾಡ್ ತೆಗೆದುಕೊಂಡು ಏನೇನೋ ಒತ್ತಿದ. ನಕ್ಷೆಯ ಒಂದು ಮೂಲೆಯಲ್ಲಿ ಸಣ್ಣ ಲಾಟೀನಿನ ಗುರುತು ಕಂಡಿತು. ಅದೇ ಆಯೆಷಾ. ಅಖ್ತರ್ ಬೀ ಪ್ಯಾಡ್ ಕಿತ್ತುಕೊಂಡು ಹೊರಟಳು. ಹೊಸ ಆಟದ ಮರಳುಗಾಡಿಗೆ ಕೊನೆಯೇ ಇರಲಿಲ್ಲ. ದಾರಿಯಲ್ಲಿ ಕಳ್ಳರೂ ಬರಲಿಲ್ಲ, ಬಂದವರೆಲ್ಲ ಒಂಟೆಗೆ ಗೆಜ್ಜೆ ಕೊಳ್ಳಿ, ಬೆನ್ನಿಗೆ ಜೂಲು ಕೊಳ್ಳಿ ಎನ್ನುವ ವ್ಯಾಪಾರಿಗಳೇ. ಗಾಂಧಿ ಬಜಾರಿನಲ್ಲಿ ದಿನವಿಡೀ ಇದನ್ನೇ ಮಾಡುವವಳಿಗೆ ಮನೆಯಲ್ಲೂ ಅದೇ ಗೋಳು. ಅಂತೂ ಒಂದು ಬಾವಿಯ ಹತ್ತಿರ ಲಾಟೀನು ಹಿಡಿದ ಸಣ್ಣ ಆಳು ಸಿಕ್ಕಿದ. ಅಖ್ತರ್ ಬೀಗೆ ಹಳೆಯ ಅಭ್ಯಾಸ. ನೋಡಿದ್ದೇ ತಡ, ಮುಂದೆ ಓಡಿದಳು. ಆಳು ಎಳೆಸಿಕೊಂಡು ಬರಲಿಲ್ಲ. ತಿರುಗಿ ನೋಡಿದರೆ ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

ಹೊಸ ಪ್ಯಾಡಿನಲ್ಲಿ ಮೈಕೂ ಇತ್ತು, ಟೀವಿಯೊಳಗಿಂದ ದನಿ ಬಂತು. "ಯಾರು, ಅಮ್ಮಿನಾ?"

ಅಷ್ಟು ದಿನಗಳ ಮೇಲೆ ಕೇಳಿದ ದನಿ. ಅಖ್ತರ್ ಬೀ ಒಮ್ಮೆ ಕೆಮ್ಮಿದಳು. "ಹೂಂ. ಏನು ದರಿದ್ರ ಆಟನೇ ಇದು ದುಲ್ಹನ್! ನೋಡೋಕೆ ಚಂದ, ಒಳಗೆ ಮೂರು ಕಾಸಿನ ಸತ್ವ ಇಲ್ಲ. ಹೌದಾ ಅಲ್ವಾ ಹೇಳು."

"ಕಳ್ಳರು ಕಮ್ಮಿ ಆದ್ರು, ನಿಜ. ಅಂಗಡಿಯವರ ಕಾಟ ಜಾಸ್ತಿ. ಆದ್ರೂ ನಂಗೆ ಇಷ್ಟ ಆಯ್ತು ಅಮ್ಮಿ."

"ಇದ್ರಲ್ಲಿ ಏನೇ ಇಷ್ಟ ಆಗೋಕಿರೋದು?"

"ಬಾವಿ ಹತ್ರ ನಿಲ್ಬೋದು."

ಅಖ್ತರ್ ಬೀ ಮಿಷನ್ನಿನ ವೈರನ್ನೇ ಕಿತ್ತಳು.

ಮರುದಿನ ಅಂಗಡಿಗೆ ಬೀಗ ಹಾಕಿ, ಹಳೆಯ ಮಿಷನ್ನನ್ನು ಎರಡು ಹಳೆಯ ಪ್ಯಾಡುಗಳ ಸಮೇತ ತರಕಾರಿ ಚೀಲಕ್ಕೆ ತುಂಬಿ, ಭದ್ರಾವತಿ ಬಸ್ಸು ಹತ್ತಿದಳು. ಕರೆಯಲು ಹೋಗುತ್ತಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹಳೆಯ ಆಟ ಹಚ್ಚಿ, ಯಾವುದು ಒಳ್ಳೆಯದೆಂದು ಆ ಹುಡುಗಿಯ ಬಾಯಿಂದಲೇ ಹೇಳಿಸಿ, ಮುಂದಿನ ಬಸ್ಸಿಗೆ ವಾಪಸ್ಸು.

ಹಳೇನಗರದ ಮನೆಯ ಬಾಗಿಲು ತೆರೆದದ್ದು ಆಯೆಷಾಳ ತಂದೆ ಮಹಮ್ಮದ್, ಕಾರ್ಖಾನೆಯಿಂದ ನಿವೃತ್ತರಾದವರು. ಹೊಸಿಲಲ್ಲಿ ಬೀಗಿತ್ತಿ, ಕೈಯಲ್ಲಿ ತುಂಬಿದ ಚೀಲ. ಅವರು ನೋಡಿದ್ದು ಇಷ್ಟೇ, ತಿಳಿದುಕೊಂಡದ್ದು ಪದ್ಧತಿ ಹೇಳಿದ ಹಾಗೆ. ಕಣ್ಣು ತುಂಬಿ ಬಂತು. "ಬನ್ನಿ ಆಪಾ, ಬನ್ನಿ! ಕೊನೆಗೂ ಬಂದ್ರಲ್ಲ!" ಎನ್ನುತ್ತಾ ಕುರ್ಚಿಯ ಧೂಳು ಹೊಡೆದರು. ಮನೆಯಲ್ಲಿ ಸಕ್ಕರೆ ಇರಲಿಲ್ಲವೇನೋ, ಕಾಂಪೌಂಡಿನಾಚೆಗೆ, "ಅಕ್ಕಾ, ಕೊಂಜಂ ಶಕ್ಕರೈ ಕುಡುಂಗೋ!" ಎಂದು ಪಕ್ಕದ ಮನೆಯ ತಮಿಳಿನವರನ್ನು ಕೂಗಿದರು.

"ಭಾಯ್, ತಪ್ಪು ತಿಳ್ಕೋಬೇಡಿ," ಎಂದಳು ಅಖ್ತರ್ ಬೀ. "ನಾನು ಆಟ ತೋರ್ಸೋಕೆ ಬಂದಿದ್ದು."

"ಗೊತ್ತು ಆಪಾ, ಗೊತ್ತು. ಹಿರಿಯರು ಬಾಯಿಬಿಟ್ಟು ಹೇಳ್ತಾರಾ ಎಲ್ಲಾನೂ?"

ನಿಂಬೆ ಶರಬತ್ತು ಬಂತು. ಅಖ್ತರ್ ಬೀ ಲೋಟವನ್ನು ಮುಟ್ಟಲಿಲ್ಲ. ಆಯೆಷಾ ಎಲ್ಲಿ ಎಂದು ಕೇಳಿದ್ದಕ್ಕೆ, "ಸ್ಕೂಲಿಂದ ಬರೋ ಹೊತ್ತಾಯ್ತು," ಎಂದು ಮಹಮ್ಮದ್ ಹೆಮ್ಮೆಯಿಂದ ಹೇಳಿದರು. ಅವಳು ಈಗ ಇಲ್ಲಿನ ನರ್ಸರಿಯೊಂದರಲ್ಲಿ ಟೀಚರ್. ಈ ಸುದ್ದಿಯನ್ನೂ ಮಲ್ಲಿಕ್ ನುಂಗಿದ್ದ, ಅವನ ಹೊಟ್ಟೆಯಲ್ಲಿ ಇನ್ನೇನೇನು ಇದೆಯೋ! ಅಷ್ಟರಲ್ಲಿ ಆಯೆಷಾ ಬಂದಳು. ಅತ್ತೆಯನ್ನು ಕಂಡು ಬಾಗಿಲಲ್ಲೇ ನಿಂತು ಸಲಾಂ ಹೇಳಿದಳು. ತುಂಬಿದ ಲೋಟದ ಕಡೆ ನೋಡಿದಳು.

"ಕೂತ್ಕೋ," ಎಂದಳು ಅಖ್ತರ್ ಬೀ, ಮಿಷನ್ನನ್ನು ಟೀವಿಗೆ ಸಿಕ್ಕಿಸುತ್ತಾ. "ಇದನ್ನ ಆಡು. ಆಮೇಲೆ ಹೇಳು ಯಾವ್ದು ಚೆನ್ನಾಗಿದೆ ಅಂತ."

ಎಂದಿನಂತೆ ಅವಳ ಕೈ ಒಂದನೇ ಪ್ಯಾಡಿಗೆ ಹೋಯಿತು. ಆಯೆಷಾಳ ಕೈ ಆಗಲೇ ಅದರ ಮೇಲಿತ್ತು.

"ಇದು ಇವತ್ತು ನಂಗೆ ಅಮ್ಮಿ."

ಬೀಗರ ಮುಂದೆ ಪ್ಯಾಡಿಗಾಗಿ ಕಿತ್ತಾಡಲು ಆಗುತ್ತದೆಯೇ? ಅಖ್ತರ್ ಬೀ ಹಲ್ಲು ಕಚ್ಚಿ ಎರಡನೆಯದನ್ನು ಎತ್ತಿಕೊಂಡಳು. ಆಟ ಶುರುವಾಯಿತು. ಸರದಾರ ಹೊರಟ. ಅಖ್ತರ್ ಬೀಗೆ ಲಾಟೀನು ಹೇಗೆ ಹಿಡಿಯಬೇಕೆಂದೇ ಗೊತ್ತಿರಲಿಲ್ಲ. ದಿಕ್ಕು ತಿಳಿಯದೆ ಒಂದು ಬಂಡೆಯ ಹಿಂದೆ ಸಿಕ್ಕಿಕೊಂಡಳು. ಪರದೆ ಮುಂದೆ ಸರಿಯಿತು, ಕೈಯಲ್ಲಿದ್ದ ಪ್ಯಾಡ್ ಗರ್ರೆಂದು ನಡುಗಿತು, ಆಳು ದರದರ ಎಳೆಸಿಕೊಂಡು ಹೋಗಿ ಸರದಾರನ ಪಕ್ಕ ಬಿದ್ದ. ಅವಳು ಬೆಚ್ಚಿಬಿದ್ದಳು. ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಪ್ಯಾಡ್ ಮತ್ತೆ ನಡುಗಿತು.

"ನಿಲ್ಲೇ ಸ್ವಲ್ಪ! ನಾನಿನ್ನೂ ಇಲ್ಲೇ ಇದೀನಿ!"

"ನಿಂತ್ರೆ ಕಳ್ಳರು ಬರ್ತಾರೆ ಅಮ್ಮಿ," ಎಂದಳು ಆಯೆಷಾ, ಪರದೆಯಿಂದ ಕಣ್ಣು ತೆಗೆಯದೆ.

ಮತ್ತೆ ನಡುಗಿತು. ಮೊಣಕೈವರೆಗೂ ಜುಮ್ಮೆಂದಿತು. ಅಖ್ತರ್ ಬೀ ಪ್ಯಾಡನ್ನು ತಿರುಗಿಸಿ ನೋಡಿದಳು. "ಇದೇನೇ ಇದು, ಕೆಟ್ಟಿದೆಯಾ? ಕೈಯೆಲ್ಲ ನಡುಗಿಸ್ತಿದೆ."

"ಕೆಟ್ಟಿಲ್ಲ. ಎಳೆದಾಗೆಲ್ಲ ಅದು ಹಾಗೇ."

"ನನ್ನದು ಯಾವತ್ತೂ ನಡುಗ್ತಿರಲಿಲ್ಲ."

"ಒಂದನೇದು ನಡುಗಲ್ಲ ಅಮ್ಮಿ. ಎಳೆಯೋರಿಗೆ ಗೊತ್ತಾಗಲ್ಲ. ನಾನೂ ಯಾವತ್ತೂ ಹೇಳ್ಲಿಲ್ಲ."

ಸರದಾರ ಬಾವಿಯ ಹತ್ತಿರ ಬಂದು ನಿಂತ. ಲಾಟೀನು ಹಿಡಿದ ಆಳು ಎಡವುತ್ತಾ ಬಂದು ಸೇರುವವರೆಗೂ ಆಯೆಷಾ ಕದಲಲಿಲ್ಲ. ಆಮೇಲೆ ನಿಧಾನವಾಗಿ ಬಾವಿಯ ಹಿಂದಕ್ಕೆ ಹೋದಳು. ಅಲ್ಲಿ ಕೆಳಗಿಳಿಯುವ ಮೆಟ್ಟಿಲುಗಳಿದ್ದವು, ಕೆಳಗೆ ನೀರಿನ ಪಕ್ಕ ಒಂದು ಮರಿ ಒಂಟೆ ಮಲಗಿತ್ತು. ಲಾಟೀನಿನ ಬೆಳಕು ಬಿದ್ದ ಕೂಡಲೇ ತಲೆಯೆತ್ತಿತು. ವರ್ಷಗಟ್ಟಲೆ ಈ ಬಾವಿಯ ಮುಂದೆ ಓಡಿಹೋಗಿದ್ದ ಅಖ್ತರ್ ಬೀ ಅದನ್ನು ಒಂದು ದಿನವೂ ಕಂಡಿರಲಿಲ್ಲ. ಆಟ ತೋರಿಸುತ್ತೇನೆಂದು ಬಂದವಳು ಅದನ್ನೇ ನೋಡುತ್ತಾ ಕೂತಳು.

ಪ್ಯಾಡನ್ನು ಕೆಳಗಿಟ್ಟು, ಶರಬತ್ತಿನ ಲೋಟ ಎತ್ತಿಕೊಂಡು, ತಂದೆ ಮಗಳು ಇಬ್ಬರೂ ನೋಡುತ್ತಿರುವಂತೆಯೇ ತಳ ಕಾಣುವವರೆಗೂ ಕುಡಿದಳು. "ಆ ಸ್ಕೂಲಿನವರಿಗೆ ನಿನ್ನ ಬದಲು ನಾನು ಉತ್ತರ ಕೊಟ್ಟಿದ್ದು ತಪ್ಪು ಆಯೆಷಾ," ಎಂದಳು. "ನಂಗೆ ಅವತ್ತೇ ಗೊತ್ತಿತ್ತು. ಹೇಳೋಕೆ ಜಂಬ ಬಿಡ್ಲಿಲ್ಲ."

ಹೆಸರು ಕೇಳಿ ಆಯೆಷಾ ಕತ್ತು ತಿರುಗಿಸಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. "ಚಾ ಮಾಡ್ತೀನಿ," ಎಂದು ಎದ್ದು ಒಳಗೆ ಹೋದಳು. ಮಹಮ್ಮದ್ ಖಾಲಿ ಲೋಟವನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಆಗ ದಿಂಬಿನ ಮೇಲಿದ್ದ ಆಯೆಷಾಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಜಗದಂಬಾ ಹೆಡ್ ಮೇಡಂ'. ಅಖ್ತರ್ ಬೀಯ ಕೈ ಅಭ್ಯಾಸಬಲದಿಂದ ಹೋಗಿ ಫೋನೆತ್ತಿತು. ಹೆಬ್ಬೆರಳು ಹಸಿರು ಗುಂಡಿಯವರೆಗೂ ಹೋಗಿ ನಿಂತಿತು. ಫೋನು ಅಂಗೈಯಲ್ಲಿ ಗರ್ರೆಂದು ನಡುಗುತ್ತಿತ್ತು. ಮಂಡಿ ನೋವಿನ ಅಖ್ತರ್ ಬೀ ಗೋಡೆ ಹಿಡಿದುಕೊಂಡು ಎದ್ದು, ಅದು ಹೊಡೆದುಕೊಳ್ಳುತ್ತಿದ್ದ ಹಾಗೆಯೇ ಅಡಿಗೆಮನೆಗೆ ಒಯ್ದು ಮುಂದೆ ಹಿಡಿದಳು.

"ನಿಂಗೆ," ಎಂದಳು.

ಆಯೆಷಾ ಫೋನನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಒದ್ದೆ ಕೈಯನ್ನು ದುಪಟ್ಟಕ್ಕೆ ಒರೆಸಿಕೊಂಡು ತೆಗೆದುಕೊಂಡಳು.

"ಹೇಳಿ ಮೇಡಂ... ಹೂಂ, ನಾಳೆ ಬರ್ತೀನಿ. ಆದ್ರೆ ಸ್ವಲ್ಪ ತಡ ಆಗಬಹುದು ಮೇಡಂ. ನಾಳೆಯಿಂದ ಶಿವಮೊಗ್ಗದಿಂದ ಬರೋದು."

ಅಖ್ತರ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರು ಇಲ್ಲಿ ಈರುಳ್ಳಿ ಹೆಚ್ಚಿದ್ದು?" ಎಂದು ಗದರಿದಳು. ಅಡಿಗೆಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.